ಪುಟ್ಟಿಯ ಕೆಳಗಿದ್ದ ಬಿರುಕು: ಮನೆ ಮಾರಿದವರ ಹೊಣೆ ಎಲ್ಲಿಯವರೆಗೆ?

ಪ್ರಶ್ನೆ: ನಾವು ಹುಬ್ಬಳ್ಳಿಯವರು. ಹತ್ತು ತಿಂಗಳ ಹಿಂದೆ ಮೂವತ್ತು-ಐವತ್ತರ ಸೈಟಿನಲ್ಲಿರುವ, ಹದಿಮೂರು ವರ್ಷ ಹಳೆಯ ಮನೆಯೊಂದನ್ನು 68 ಲಕ್ಷ ರೂಪಾಯಿಗೆ ಕೊಂಡೆವು. ಅದರಲ್ಲಿ 45 ಲಕ್ಷ ಬ್ಯಾಂಕ್ ಸಾಲ. ಖರೀದಿ ಪತ್ರ ನನ್ನ ಮತ್ತು ಯಜಮಾನರ ಜಂಟಿ ಹೆಸರಿನಲ್ಲಿದೆ. ನೋಡಲು ಹೋದಾಗ ಆಗಷ್ಟೇ ಬಣ್ಣ ಹೊಡೆಸಿದ್ದರು, ಎಲ್ಲೂ ಒಂದು ಗೆರೆ ಕಾಣಲಿಲ್ಲ. ಜೂನ್ ಮಳೆ ಶುರುವಾದ ಮೇಲೆ ಹಾಲ್ ಮತ್ತು ಹಿಂದಿನ ಕೋಣೆಯ ಕಿಟಕಿ ಮೂಲೆಗಳಿಂದ ಓರೆಯಾಗಿ ಬಿರುಕು ಬಿಟ್ಟವು. ಈಗ ಒಂದು ಬಿರುಕಿನಲ್ಲಿ ನಾಣ್ಯ ಸಿಕ್ಕಿಸಬಹುದು, ಹಿಂಬಾಗಿಲು ಹಾಕಲು ಬರುವುದಿಲ್ಲ. ಪೇಂಟರ್ ಕೆರೆದು ನೋಡಿದಾಗ ಪುಟ್ಟಿಯ ಕೆಳಗೆ ಫೈಬರ್ ಜಾಳಿಗೆಯ ಪಟ್ಟಿ, ಅದರ ಕೆಳಗೆ ಹಳೆಯ ಸಿಮೆಂಟ್ ತೇಪೆ ಸಿಕ್ಕಿತು. ‘ನಾಲ್ಕು ವರ್ಷದ ಹಿಂದೆಯೂ ಇದೇ ಗೋಡೆ ಒಡೆಸಿ ಕಟ್ಟಿಸಿದ್ದರು’ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಮಾರಾಟಕ್ಕೆ ಮುಂಚೆ ಪಟ್ಟಿ ಹಾಕಿ ಪುಟ್ಟಿ ಹೊಡೆದ ಗೌಂಡಿಯೂ ಇದೇ ಓಣಿಯವನು. ಮಾರಿದವರಿಗೆ ಫೋಟೊ ಕಳಿಸಿದರೆ ವಾಟ್ಸಾಪ್‌ನಲ್ಲಿ ಬಂದ ಉತ್ತರ: ‘ಹಳೇ ಮನಿ ಅಂದಮ್ಯಾಲೆ ಬಿರುಕು ಇರ್ತಾವ್ರಿ. ಅವನ್ನ ನಾವು ರಿಪೇರಿ ಮಾಡಿಸೇ ಕೊಟ್ಟೀವಿ. ನೀವು ನಾಕ್ ಸಲ ಬಂದು ನೋಡಿ ತಗೊಂಡೀರಿ.’ ಖರೀದಿ ಪತ್ರದಲ್ಲಿ ‘ಸದರಿ ಮನೆಯನ್ನು ಖುದ್ದು ಪರಿಶೀಲಿಸಿ, ಇದ್ದ ಸ್ಥಿತಿಯಲ್ಲಿ ಒಪ್ಪಿಕೊಂಡಿರುತ್ತೇವೆ’ ಎಂಬ ಸಾಲಿದೆ. ದುರಸ್ತಿಗೆ 9 ಲಕ್ಷಕ್ಕೂ ಹೆಚ್ಚಾಗುತ್ತದೆ ಎಂದು ಗುತ್ತಿಗೆದಾರರು ಹೇಳಿದ್ದಾರೆ. ಮಾರಿದವರು ಮಗನ ಜೊತೆ ಇರಲು ಪುಣೆಗೆ ಹೋಗುವವರಿದ್ದಾರೆ. ಒಬ್ಬರು ರೇರಾಕ್ಕೆ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರಕ್ಕೆ) ಹೋಗಿ ಅನ್ನುತ್ತಾರೆ, ಇನ್ನೊಬ್ಬರು ಪೊಲೀಸರಿಗೆ ದೂರು ಕೊಡಿ ಅನ್ನುತ್ತಾರೆ. ರಿಜಿಸ್ಟರ್ ಆದಮೇಲೆ ಮುಗಿಯಿತು, ಬಿಟ್ಟುಬಿಡು ಎನ್ನುವುದು ಯಜಮಾನರ ಮಾತು. ನಮಗೆ ದಾರಿ ಇದೆಯೇ?

ಉತ್ತರ: ದಾರಿ ಇದೆ. ನಿಮ್ಮ ಪ್ರಕರಣದಲ್ಲಿ ಅದು ಸಾಮಾನ್ಯವಾಗಿ ಇರುವುದಕ್ಕಿಂತ ಸ್ವಲ್ಪ ಅಗಲವಾಗಿಯೇ ಇದೆ. ಕಾರಣ, ಮಾರಿದವರು ಕಳಿಸಿದ ಆ ವಾಟ್ಸಾಪ್ ಸಂದೇಶ. ನೀವು ಅದನ್ನು ಬಾಗಿಲು ಮುಚ್ಚಿದ ಉತ್ತರವೆಂದು ಓದಿದ್ದೀರಿ. ‘ಅವನ್ನ ನಾವು ರಿಪೇರಿ ಮಾಡಿಸೇ ಕೊಟ್ಟೀವಿ’ ಎಂಬ ಮಾತನ್ನು ಇನ್ನೊಮ್ಮೆ ಓದಿ. ಬಿರುಕು ಇದ್ದದ್ದು ತಮಗೆ ಗೊತ್ತಿತ್ತು ಎಂದು ಅವರೇ ಬರೆದುಕೊಟ್ಟಿದ್ದಾರೆ. ಇಂಥ ವ್ಯಾಜ್ಯಗಳು ಸೋಲುವುದು ಹೆಚ್ಚಾಗಿ ಈ ಒಂದೇ ಅಂಶ ಸಾಬೀತಾಗದೆ. ದೋಷ ಇದೆ ಎಂದು ತೋರಿಸುವುದು ಸುಲಭ, ಮಾರಿದವರಿಗೆ ಅದು ಗೊತ್ತಿತ್ತು ಎಂದು ತೋರಿಸುವುದು ಕಷ್ಟ. ಆ ಫೋನನ್ನು ಬದಲಿಸಬೇಡಿ, ಮಾರಬೇಡಿ, ಆ ಚಾಟ್ ಅಳಿಸಬೇಡಿ.

ಮೊದಲು ‘ರಿಜಿಸ್ಟರ್ ಆದಮೇಲೆ ಮುಗಿಯಿತು’ ಎಂಬ ಮಾತನ್ನು ನೋಡೋಣ. ಕೊಳ್ಳುವವನೇ ಎಚ್ಚರದಿಂದಿರಬೇಕು ಎಂಬ ಹಳೆಯ ತತ್ವ ನಮ್ಮಲ್ಲೂ ಇದೆ, ಆದರೆ ಮನೆ-ಜಮೀನಿನ ಮಟ್ಟಿಗೆ ಅದಕ್ಕೊಂದು ಗಟ್ಟಿಯಾದ ಮಿತಿ ಹಾಕಲಾಗಿದೆ. ಆಸ್ತಿ ವರ್ಗಾವಣೆ ಕಾಯ್ದೆ 1882ರ 55ನೇ ಕಲಂ, ಉಪಕಲಂ (1)ರ ಮೊದಲ ಖಂಡವೇ ಇದು. ಅದರಂತೆ ಆಸ್ತಿಯಲ್ಲಾಗಲಿ ಹಕ್ಕಿನಲ್ಲಾಗಲಿ ಮಹತ್ವದ ದೋಷವಿದ್ದು, ಅದು ಮಾರುವವರಿಗೆ ಗೊತ್ತಿದ್ದು ಕೊಳ್ಳುವವರಿಗೆ ಗೊತ್ತಿಲ್ಲದಿದ್ದರೆ, ಮತ್ತು ಕೊಳ್ಳುವವರು ಸಾಮಾನ್ಯ ಎಚ್ಚರಿಕೆ ವಹಿಸಿದರೂ ಕಂಡುಹಿಡಿಯಲು ಆಗದಂಥದ್ದಾಗಿದ್ದರೆ, ಮಾರುವವರು ಅದನ್ನು ತಿಳಿಸಲೇಬೇಕು. ಅದೇ ಕಲಮಿನ ಕೊನೆಯ ಸಾಲು ಇನ್ನೂ ಬಿಗಿಯಾಗಿದೆ: ಹಾಗೆ ತಿಳಿಸದೆ ಬಿಡುವುದು ವಂಚನೆ ಎನಿಸಿಕೊಳ್ಳುತ್ತದೆ. ವಂಚನೆಗೆ ನೋಂದಣಿಯ ಮೊಹರು ರಕ್ಷೆಯಾಗುವುದಿಲ್ಲ. ಖರೀದಿ ಪತ್ರವಾದ ಮೇಲೂ ಹಕ್ಕು ಉಳಿಯುವುದು ಈ ಒಂದು ಸಾಲಿನ ಬಲದಿಂದ.

ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ಹಕ್ಕಿನಲ್ಲಿ ದೋಷವಿದ್ದರೆ, ಅಂದರೆ ಮಾರಿದವರಿಗೆ ಮಾರುವ ಅಧಿಕಾರವೇ ಇರಲಿಲ್ಲ, ಇನ್ನೊಬ್ಬ ಪಾಲುದಾರರು ಉಳಿದಿದ್ದರು ಎಂಬಂಥ ಸಂದರ್ಭದಲ್ಲಿ, ‘ನನಗೆ ಗೊತ್ತಿರಲಿಲ್ಲ’ ಎಂಬ ಉತ್ತರ ನಡೆಯುವುದಿಲ್ಲ. ಹಕ್ಕಿನ ಭರವಸೆಯನ್ನು ಕಾನೂನೇ ಖರೀದಿ ಪತ್ರದೊಳಗೆ ಸೇರಿಸಿಬಿಡುತ್ತದೆ. ಗೋಡೆ, ತಳಪಾಯ, ತಾರಸಿ, ಪೈಪುಗಳ ದೋಷ ಹಾಗಲ್ಲ. ಅಲ್ಲಿ ಮಾರಿದವರಿಗೆ ಗೊತ್ತಿತ್ತೇ ಎಂಬುದೇ ಪ್ರಶ್ನೆ. ಪ್ರಾಮಾಣಿಕವಾಗಿ ಗೊತ್ತಿಲ್ಲದೆ ಮಾರಿದ್ದರೆ, ಬೇರೆ ಕರಾರು ಇಲ್ಲದಿದ್ದಲ್ಲಿ, ಮನೆ ಎಷ್ಟೇ ಕೆಟ್ಟಿದ್ದರೂ ಅವರ ಮೇಲೆ ಹೊಣೆ ಹೊರಿಸುವುದು ಬಹಳ ಕಷ್ಟ.

ನಿಮ್ಮ ದೋಷ ಯಾವುದು?

ಎಲ್ಲಕ್ಕಿಂತ ಮುಂಚೆ ಇದನ್ನು ಸರಿಯಾಗಿ ಹೆಸರಿಸಬೇಕು, ಇಲ್ಲದಿದ್ದರೆ ಮುಂದಿನದೆಲ್ಲ ತಪ್ಪುತ್ತದೆ. ಹುಬ್ಬಳ್ಳಿ ಎಂದ ಮೇಲೆ ಎರೆ ಮಣ್ಣು, ಅಂದರೆ ಕಪ್ಪು ಮಣ್ಣು, ಕಾರಣವಿರುವ ಸಾಧ್ಯತೆ ಹೆಚ್ಚು. ಈ ಮಣ್ಣಿನಲ್ಲಿರುವ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಾಯಿ ಬಿಡುತ್ತದೆ. ಮನೆಯ ನಡುಭಾಗದ ಕೆಳಗಿನ ಮಣ್ಣು ಮಳೆ-ಬಿಸಿಲಿಗೆ ಸಿಗದೆ ಹೆಚ್ಚು ಕಡಿಮೆ ಒಂದೇ ತೇವದಲ್ಲಿರುತ್ತದೆ. ಹೊರಗೋಡೆಗಳ ಕೆಳಗಿನ ಮಣ್ಣು ಪ್ರತಿ ಋತುವಿಗೂ ಏರಿಳಿಯುತ್ತದೆ. ಒಂದೇ ಮನೆಯ ಎರಡು ಭಾಗ ಬೇರೆ ಬೇರೆ ಅಳತೆಯಲ್ಲಿ ಅಲುಗಾಡಿದರೆ ಗೋಡೆ ತನ್ನ ದುರ್ಬಲ ಜಾಗದಲ್ಲಿ ಸೀಳುತ್ತದೆ. ಆ ಜಾಗವೇ ಕಿಟಕಿ-ಬಾಗಿಲುಗಳ ಮೂಲೆ. ಅಲ್ಲಿಂದ ಓರೆಯಾಗಿ ಹೊರಟ ಬಿರುಕು, ಜೊತೆಗೆ ಕೂರದ ಬಾಗಿಲು, ಇವೆರಡೂ ಸೇರಿದರೆ ಬರಿ ಗಿಲಾವಿನ (ಪ್ಲಾಸ್ಟರಿನ) ಬಿರುಕು ಎಂದು ತಳ್ಳಿಹಾಕುವಂತಿಲ್ಲ, ತಳಪಾಯ ಅಲುಗುತ್ತಿದೆ ಎಂದು ಶಂಕಿಸಬೇಕು. ಒಂದಂತಸ್ತಿನ ಹಗುರ ಮನೆಗಳಲ್ಲಿ ಇದು ಹೆಚ್ಚು, ಏಕೆಂದರೆ ಉಬ್ಬುವ ಮಣ್ಣನ್ನು ಒತ್ತಿ ಹಿಡಿಯುವಷ್ಟು ಭಾರ ಅವುಗಳಿಗಿರುವುದಿಲ್ಲ.

ಅದಕ್ಕಾಗಿಯೇ ಎರೆ ನೆಲದಲ್ಲಿ ಬಲ್ಲವರು ಕಟ್ಟುವಾಗ ತಳಪಾಯವನ್ನು ಋತುಮಾನದ ತೇವ ತಲುಪದ ಆಳಕ್ಕೆ ಒಯ್ಯುತ್ತಾರೆ. ಎರೆಯ ಪದರ ದಪ್ಪವಿದ್ದ ಕಡೆ ಸುಮಾರು ಮೂರೂವರೆ ಮೀಟರ್ ಆಳದ, ಬುಡದಲ್ಲಿ ಗೆಡ್ಡೆಯಂತೆ ಅಗಲವಾದ ಪೈಲ್, ಅಂದರೆ ನೆಲದೊಳಗೆ ಇಳಿಸುವ ಕಾಂಕ್ರೀಟ್ ಕಂಬ, ಹಾಕುತ್ತಾರೆ. ಇಲ್ಲವೇ ತಳಪಾಯದ ಸುತ್ತಲಿನ ಎರೆ ತೆಗೆದು ಗರಸು ತುಂಬಿಸುತ್ತಾರೆ. ಇದಾವುದೂ ಇಲ್ಲದೆ ಮೂರ್ನಾಲ್ಕು ಅಡಿ ಅಗೆದು ಕಲ್ಲು ಕಟ್ಟಿದ ಮನೆಗೆ ಎಷ್ಟು ಸಲ ಪುಟ್ಟಿ ಬಳಿದರೂ ಮುಂದಿನ ಮಳೆಯವರೆಗೆ ಮಾತ್ರ.

ಈಗ ಎಚ್ಚರಿಕೆಯ ಮಾತು. ನೋಟೀಸಿನಲ್ಲಾಗಲಿ ದಾವೆಯಲ್ಲಾಗಲಿ ‘ಎರೆ ಮಣ್ಣೆಂದು ನಮಗೆ ಹೇಳಲಿಲ್ಲ’ ಎಂದು ಬರೆಯಬೇಡಿ. ಆ ಊರಿನಲ್ಲಿ ಎರೆ ಮಣ್ಣು ಯಾರಿಗೆ ಗೊತ್ತಿಲ್ಲ? ಎದುರು ವಕೀಲರು ಒಂದೇ ಮಾತಿನಲ್ಲಿ ಅದನ್ನು ಮುಗಿಸುತ್ತಾರೆ. ನಿಮ್ಮ ದೋಷ ಮಣ್ಣಲ್ಲ. ಈ ಮನೆಯ ತಳಪಾಯ ಅಲುಗುತ್ತಿತ್ತು, ಗೋಡೆ ಹಿಂದೆಯೂ ಸೀಳಿತ್ತು, ಒಮ್ಮೆ ಒಡೆದು ಕಟ್ಟಿದರೂ ಮತ್ತೆ ಸೀಳಿತು, ಅದನ್ನು ಮಾರಾಟಕ್ಕೆ ಮುನ್ನ ಜಾಳಿಗೆ ಹಾಕಿ ಮುಚ್ಚಲಾಯಿತು. ಇದು ನಿಮ್ಮ ದೋಷ. ಮಣ್ಣು ಊರಿಗೆಲ್ಲ ಗೊತ್ತಿರುವ ಸಂಗತಿ, ಮುಚ್ಚಿದ ಈ ಬಿರುಕು ಮನೆಯವರಿಗೆ ಮತ್ತು ಅವರ ಗೌಂಡಿಗೆ ಗೊತ್ತಿದ್ದದ್ದು, ನಿಮಗಲ್ಲ.

‘ನೋಡಿ ತಗೊಂಡೀರಿ’ ಮತ್ತು ‘ಇದ್ದ ಸ್ಥಿತಿಯಲ್ಲಿ’

ಸುಮ್ಮನಿದ್ದು ಮುಚ್ಚಿಡುವುದು ಬೇರೆ, ಕೈಯಾರೆ ಮುಚ್ಚುವುದು ಬೇರೆ. ನಿಮ್ಮ ವಿಷಯದಲ್ಲಿ ಈ ವ್ಯತ್ಯಾಸ ಬಹಳ ಮುಖ್ಯ, ಆದರೆ ಇದು ಎಷ್ಟೋ ನೋಟೀಸುಗಳಲ್ಲಿ ಕಾಣುವುದೇ ಇಲ್ಲ. ಭಾರತೀಯ ಕರಾರು ಕಾಯ್ದೆ 1872ರ 17ನೇ ಕಲಂ ವಂಚನೆಯ ವ್ಯಾಖ್ಯೆಯಲ್ಲಿ ‘ಗೊತ್ತಿದ್ದ ಸಂಗತಿಯನ್ನು ಸಕ್ರಿಯವಾಗಿ ಮರೆಮಾಚುವುದನ್ನು’ ಪ್ರತ್ಯೇಕವಾಗಿ ಹೇಳುತ್ತದೆ. ವಂಚನೆಯಿಂದ ಪಡೆದ ಒಪ್ಪಿಗೆಯ ಕರಾರನ್ನು ಮೋಸಹೋದವರು ರದ್ದು ಮಾಡಿಸಬಹುದು ಎನ್ನುವುದು 19ನೇ ಕಲಂ. ಅದಕ್ಕೊಂದು ವಿನಾಯಿತಿ ಇದೆ: ‘ಸಾಮಾನ್ಯ ಶ್ರದ್ಧೆಯಿಂದ ಸತ್ಯ ತಿಳಿದುಕೊಳ್ಳಬಹುದಿತ್ತು’ ಎಂದಾದರೆ ರದ್ದು ಮಾಡಲು ಬರುವುದಿಲ್ಲ. ಆದರೆ ಆ ವಿನಾಯಿತಿ ಅನ್ವಯಿಸುವುದು ತಪ್ಪು ನಿರೂಪಣೆಗೆ ಮತ್ತು ವಂಚನೆಯ ಮೌನಕ್ಕೆ. ಸಕ್ರಿಯ ಮರೆಮಾಚುವಿಕೆ ಅದರಲ್ಲಿ ಬರುವುದಿಲ್ಲ. ಬಿರುಕು ಕಾಣುವಂತಿದ್ದು ಅವರು ಸುಮ್ಮನಿದ್ದಿದ್ದರೆ ‘ನಾಕ್ ಸಲ ನೋಡೀರಿ’ ಎಂಬುದು ತೂಕದ ಉತ್ತರವಾಗುತ್ತಿತ್ತು. ಜಾಳಿಗೆ ಹಾಕಿ, ಪುಟ್ಟಿ ಬಳಿದು, ಬಣ್ಣ ಹೊಡೆದ ಮೇಲೆ ನಾಲ್ಕು ಸಲವಲ್ಲ, ನಲವತ್ತು ಸಲ ಬಂದರೂ ಕಾಣುವುದಿಲ್ಲ. ಸಾಮಾನ್ಯ ಎಚ್ಚರಿಕೆ ಎಂದರೆ ಬೇರೆಯವರ ಮನೆಯ ಗೋಡೆ ಕೆರೆದು ನೋಡುವುದಲ್ಲ.

‘ಇದ್ದ ಸ್ಥಿತಿಯಲ್ಲಿ ಒಪ್ಪಿಕೊಂಡಿರುತ್ತೇವೆ’ ಎಂಬ ಸಾಲು ಮಾತ್ರ ನಿಮ್ಮ ನಿಜವಾದ ತೊಡಕು. 55ನೇ ಕಲಂ ಆರಂಭವಾಗುವುದೇ ‘ಇದಕ್ಕೆ ವಿರುದ್ಧವಾದ ಕರಾರು ಇಲ್ಲದಿದ್ದಲ್ಲಿ’ ಎಂದು. ಈ ಸಾಲೇ ಆ ವಿರುದ್ಧ ಕರಾರು ಎಂದು ಎದುರಿನವರು ವಾದಿಸುತ್ತಾರೆ. ಅದಕ್ಕೆ ಉತ್ತರವಿದೆ. ಪರಿಶೀಲಿಸಿ ಒಪ್ಪಿದೆ ಎಂದರೆ ಪರಿಶೀಲನೆಗೆ ಸಿಗುವಂಥದ್ದನ್ನು ಒಪ್ಪಿದೆ ಎಂದೇ ಅರ್ಥ, ಬಚ್ಚಿಟ್ಟದ್ದನ್ನಲ್ಲ. ಇನ್ನು ವಂಚನೆಯ ಆರೋಪವಿದ್ದಾಗ ಬರೆದ ಪತ್ರದ ಆಚೆಯ ಸಾಕ್ಷ್ಯವನ್ನು ನ್ಯಾಯಾಲಯ ನೋಡಬಹುದು. ಹಿಂದೆ ಸಾಕ್ಷ್ಯ ಕಾಯ್ದೆಯ 92ನೇ ಕಲಮಿನಲ್ಲಿದ್ದ ಈ ಅವಕಾಶ ಈಗ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 95ನೇ ಕಲಮಿನಲ್ಲಿದೆ. ಆದರೂ ಈ ಸಾಲು ನಿಮ್ಮ ಕೆಲಸವನ್ನು ಕಷ್ಟವಾಗಿಸುತ್ತದೆ. ಮರೆಮಾಚಿದ್ದು ಸಾಬೀತಾದರೆ ಆ ಸಾಲು ಬೀಳುತ್ತದೆ. ಸಾಬೀತಾಗದಿದ್ದರೆ ಅದೇ ಸಾಲು ನಿಮ್ಮನ್ನು ಬೀಳಿಸುತ್ತದೆ.

ಬ್ಯಾಂಕು ಸಾಲ ಕೊಟ್ಟಿದೆ, ಅಂದರೆ ಮನೆ ಗಟ್ಟಿ ಇತ್ತು ಎಂಬ ಮಾತೂ ಬರಬಹುದು. ಬ್ಯಾಂಕಿನ ಮೌಲ್ಯಮಾಪಕರು ಸಾಲಕ್ಕೆ ತಕ್ಕ ಬೆಲೆ ಇದೆಯೇ ಎಂದು ನೋಡುತ್ತಾರೆ. ತಳಪಾಯ ಪರೀಕ್ಷಿಸುವುದು ಅವರ ಕೆಲಸವಲ್ಲ. ಆ ವರದಿಯ ಪ್ರತಿಯನ್ನು ಬ್ಯಾಂಕಿನಿಂದ ಕೇಳಿ ಪಡೆಯಿರಿ. ಅದರಲ್ಲಿ ‘ಬಿರುಕುಗಳಿಲ್ಲ, ಹೊಸ ಬಣ್ಣ’ ಎಂದೇನಾದರೂ ಇದ್ದರೆ, ಪರಿಣತರ ಕಣ್ಣಿಗೂ ಕಾಣದಂತೆ ಮುಚ್ಚಲಾಗಿತ್ತು ಎಂಬುದಕ್ಕೆ ಅದು ನಿಮ್ಮದೇ ಪುರಾವೆಯಾಗುತ್ತದೆ.

ರೇರಾ, ಗ್ರಾಹಕ ಆಯೋಗ, ಪೊಲೀಸ್

ರೇರಾ ನಿಮ್ಮದಲ್ಲ. ಅದು ಪ್ರವರ್ತಕರು, ಅಂದರೆ ಬಿಲ್ಡರ್‌ಗಳು ಮತ್ತು ಅವರಿಂದ ಕೊಂಡವರ ನಡುವಿನ ಕಾಯ್ದೆ. ಹಳೆಯ ಸ್ವಂತ ಮನೆಯನ್ನು ಒಬ್ಬ ವ್ಯಕ್ತಿ ಇನ್ನೊಬ್ಬರಿಗೆ ಮಾರಿದ್ದು ಅದರಡಿ ಬರುವುದಿಲ್ಲ. ಇದನ್ನು ಓದುತ್ತಿರುವ ಫ್ಲ್ಯಾಟ್ ಖರೀದಿದಾರರಿಗೆ ಒಂದು ಮಾತು. ರೇರಾ ವ್ಯಾಪ್ತಿಯ ಯೋಜನೆಯಲ್ಲಿ ಬಿಲ್ಡರ್ ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ರಚನೆಯ ಅಥವಾ ಕಾಮಗಾರಿಯ ದೋಷವನ್ನು ಅವರ ಗಮನಕ್ಕೆ ತಂದರೆ, 14(3)ನೇ ಕಲಮಿನಂತೆ 30 ದಿನದೊಳಗೆ ಉಚಿತವಾಗಿ ಸರಿಪಡಿಸಬೇಕು, ಇಲ್ಲವೇ ಪರಿಹಾರ ಕೊಡಬೇಕು. ಮೊದಲ ಮಾಲೀಕರಿಂದ ಮರುಮಾರಾಟದಲ್ಲಿ ಕೊಂಡವರನ್ನೂ ಆ ಕಾಯ್ದೆಯ ವ್ಯಾಖ್ಯೆ ಒಳಗೊಳ್ಳುತ್ತದೆ. ಐದು ವರ್ಷ ಎಣಿಸುವುದು ಮಾತ್ರ ಬಿಲ್ಡರ್ ಕೀಲಿಕೈ ಕೊಟ್ಟ ದಿನದಿಂದ, ನೀವು ಕೊಂಡ ದಿನದಿಂದಲ್ಲ.

ಗ್ರಾಹಕ ಆಯೋಗವೂ ಸಲ್ಲುವುದಿಲ್ಲ. ತನ್ನ ಮನೆ ಮಾರಿದ ವ್ಯಕ್ತಿ ನಿಮಗೆ ಸೇವೆ ಕೊಟ್ಟವರಲ್ಲ, ಬರಿ ಸ್ಥಿರಾಸ್ತಿಯ ಮಾರಾಟ ಸೇವೆಯೂ ಅಲ್ಲ.

ಪೊಲೀಸ್ ದೂರು ಹೆಚ್ಚು ಅಪಾಯದ ಸಲಹೆ. ವಂಚನೆಯ ಅಪರಾಧ ಈಗ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಿನಲ್ಲಿದೆ. ಶುರುವಿನಿಂದಲೇ ಮೋಸ ಮಾಡುವ ಉದ್ದೇಶವಿತ್ತು ಎಂದು ಅಲ್ಲಿ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಬೇಕು. ಸಿವಿಲ್ ವ್ಯಾಜ್ಯಕ್ಕೆ ಕ್ರಿಮಿನಲ್ ಬಣ್ಣ ಕೊಡುವುದನ್ನು ಸುಪ್ರೀಂ ಕೋರ್ಟ್ ಹಲವು ಸಲ ಖಂಡಿಸಿದೆ. ದೂರು ಕೊಟ್ಟ ಕೂಡಲೇ ಎದುರಿನವರು ರಾಜಿಗೆ ಬರುವುದುಂಟು, ಆದರೆ ಜಾಮೀನು ಸಿಕ್ಕ ಮೇಲೆ ರಾಜಿಯ ಬಾಗಿಲೇ ಮುಚ್ಚುವುದೂ ಉಂಟು. ಎಲ್ಲಕ್ಕಿಂತ ದೊಡ್ಡ ಹಾನಿ ಎಂದರೆ, ಪೊಲೀಸ್ ಠಾಣೆಗೆ ಅಲೆಯುತ್ತಿರುವಾಗ ಸಿವಿಲ್ ದಾವೆಯ ಕಾಲಮಿತಿ ನಿಲ್ಲುವುದಿಲ್ಲ. ಅದು ಮೂರು ವರ್ಷ. ವಂಚನೆಯ ಆಧಾರವಿದ್ದಾಗ, ಸತ್ಯ ನಿಮಗೆ ತಿಳಿದ ದಿನದಿಂದ, ಅಥವಾ ಸರಿಯಾದ ಶ್ರದ್ಧೆ ಇದ್ದಿದ್ದರೆ ತಿಳಿಯಬಹುದಿದ್ದ ದಿನದಿಂದ ಎಣಿಕೆ. ನೀವು ಸುರಕ್ಷಿತವಾಗಿ ಖರೀದಿ ಪತ್ರದ ದಿನದಿಂದಲೇ ಎಣಿಸಿಕೊಳ್ಳಿ. ಆಗ ವಾದಕ್ಕೇ ಎಡೆ ಇರುವುದಿಲ್ಲ.

ಗೋಡೆ ಮುಟ್ಟುವ ಮುಂಚೆ

ಸಿಟ್ಟಿನಲ್ಲಿ ಅಥವಾ ಗಾಬರಿಯಲ್ಲಿ ಮೊದಲು ದುರಸ್ತಿ ಮಾಡಿಸಿ, ಬಿಲ್ ಹಿಡಿದು ಆಮೇಲೆ ವಕೀಲರ ಹತ್ತಿರ ಹೋಗುವವರೇ ಹೆಚ್ಚು. ಅಷ್ಟರಲ್ಲಿ ಸಾಕ್ಷ್ಯ ಗೋಡೆಯ ಜೊತೆ ಹೋಗಿರುತ್ತದೆ. ಹಾಗೆಂದು ವರ್ಷಗಟ್ಟಲೆ ಹಾಗೇ ಬಿಡುವಂತೆಯೂ ಇಲ್ಲ. ನಷ್ಟವನ್ನು ಮಿತಿಯಲ್ಲಿಡಲು ನಿಮ್ಮ ಕೈಲಾದದ್ದನ್ನು ಮಾಡಿದಿರೇ ಎಂದು ಪರಿಹಾರ ಲೆಕ್ಕ ಹಾಕುವಾಗ ನ್ಯಾಯಾಲಯ ಕೇಳುತ್ತದೆ. ಆದ್ದರಿಂದ ಮೊದಲು ದಾಖಲೆ, ಆಮೇಲೆ ನೋಟೀಸು, ಆಮೇಲೆ ದುರಸ್ತಿ. ಗೋಡೆ ಬೀಳುವ ಭಯವಿದ್ದರೆ ಮಾತ್ರ ಈ ಕ್ರಮ ಮುರಿಯಿರಿ. ಆಗಲೂ ಮೊದಲು ವಿಡಿಯೊ, ಆಮೇಲೆ ಗೋಡೆಗೆ ಆಸರೆ.

ಕಟ್ಟಡ ರಚನೆಯ ಎಂಜಿನಿಯರ್ ಒಬ್ಬರನ್ನು ಕರೆಸಿ. ಮುಂದೆ ದುರಸ್ತಿಯ ಗುತ್ತಿಗೆ ಹಿಡಿಯುವವರನ್ನು ಬೇಡ, ಅವರ ವರದಿಯನ್ನು ‘ಕೆಲಸ ಸಿಗಲೆಂದು ಬರೆದದ್ದು’ ಎಂದು ತಳ್ಳಿಹಾಕುವುದು ಸುಲಭ. ವರದಿಯಲ್ಲಿ ಇವಿರಬೇಕು: ಪ್ರತಿ ಬಿರುಕಿನ ಜಾಗ, ಉದ್ದ, ಅಗಲ, ಗೋಡೆಯ ಎರಡೂ ಬದಿಗೆ ಹಾದಿದೆಯೇ ಎಂಬುದು. ಒಂದು ಮಿಲಿಮೀಟರ್‌ಗಿಂತ ಕಡಿಮೆಯದು ಸಣ್ಣ ಬಿರುಕು, ಎರಡಕ್ಕಿಂತ ಹೆಚ್ಚಾದರೆ ಅಗಲವಾದದ್ದು ಎನ್ನುವುದು ರೂಢಿ. ನಾಣ್ಯ ಹೋಗುತ್ತದೆ ಎಂದರೆ ನಿಮ್ಮದು ಆ ಗಡಿಗೆ ಬಂದಿದೆ. ಬಿರುಕಿನ ಎರಡು ಬದಿಗೂ ಪೆನ್ಸಿಲ್ ಗುರುತು ಹಾಕಿ ಹದಿನೈದು ದಿನಕ್ಕೊಮ್ಮೆ ಅಳೆದು ದಿನಾಂಕದೊಡನೆ ಬರೆದಿಡಿ. ಬಿರುಕಿಗೆ ಅಡ್ಡಲಾಗಿ ಗಾಜಿನ ತೆಳು ಪಟ್ಟಿ ಅಂಟಿಸಿದರೆ ಗೋಡೆ ಅಲುಗಿದಾಗ ಅದು ಒಡೆಯುತ್ತದೆ. ಋತುವಿನ ಜೊತೆ ಹಿಗ್ಗಿ ಕುಗ್ಗುವ ಬಿರುಕು ಎರೆ ಮಣ್ಣಿನ ಆಟ. ಒಂದೇ ಸಮನೆ ಅಗಲವಾಗುತ್ತ ಹೋಗುವುದು ತಳಪಾಯ ಕುಸಿಯುತ್ತಿರುವ ಲಕ್ಷಣ.

ಹೊರಗೋಡೆಯ ಪಕ್ಕದಲ್ಲಿ ಒಂದು ಗುಂಡಿ ತೆಗೆಸಿ ತಳಪಾಯದ ಆಳ ಮತ್ತು ಬಗೆ ಅಳೆಯಿಸಿ, ಫೋಟೊದಲ್ಲಿ ಅಳತೆ ಪಟ್ಟಿ ಕಾಣಲಿ. ಅದೇ ಗುಂಡಿಯ ಮಣ್ಣಿನ ಉಬ್ಬುವಿಕೆ ಪರೀಕ್ಷೆ ಮಾಡಿಸಿ. ಸಿವಿಲ್ ಎಂಜಿನಿಯರಿಂಗ್ ಕಾಲೇಜುಗಳ ಮಣ್ಣು ಪ್ರಯೋಗಾಲಯಗಳಲ್ಲಿ ಇದು ಮಾಮೂಲಿ ಪರೀಕ್ಷೆ. ಒಣಗಿಸಿ ಜರಡಿ ಹಿಡಿದ 10 ಗ್ರಾಂ ಮಣ್ಣನ್ನು ನೀರಿನಲ್ಲೂ ಅಷ್ಟೇ ಮಣ್ಣನ್ನು ಸೀಮೆಎಣ್ಣೆಯಲ್ಲೂ 24 ಗಂಟೆ ಇಟ್ಟು, ನೀರಿನಲ್ಲಿ ಎಷ್ಟು ಹೆಚ್ಚು ಉಬ್ಬಿತು ನೋಡುತ್ತಾರೆ. ಶೇಕಡ 50 ದಾಟಿದರೆ ತಳಪಾಯಕ್ಕೆ ವಿಶೇಷ ಎಚ್ಚರ ಬೇಕಿತ್ತು ಎಂದರ್ಥ.

ಇವೆಲ್ಲಕ್ಕಿಂತ ಬೆಲೆಯುಳ್ಳದ್ದು ಆ ಗೋಡೆಯ ಪದರಗಳು. ಪೇಂಟರ್ ಇನ್ನು ಕೆರೆಯುವುದು ಬೇಡ. ಎಂಜಿನಿಯರ್ ಮುಂದೆ, ಇಬ್ಬರು ಹೊರಗಿನ ಸಾಕ್ಷಿಗಳ ಎದುರು, ಒಂದು ಅಡಿ ಉದ್ದದ ಜಾಗವನ್ನು ಪದರ ಪದರವಾಗಿ ತೆಗೆಸಿ: ಬಣ್ಣ, ಪುಟ್ಟಿ, ಜಾಳಿಗೆ, ಹಳೆಯ ತೇಪೆ, ಮೂಲ ಗಿಲಾವು. ಪ್ರತಿ ಪದರಕ್ಕೂ ಒಂದು ಫೋಟೊ. ತೆಗೆದ ಚಕ್ಕೆಗಳನ್ನು ಲಕೋಟೆಯಲ್ಲಿ ಹಾಕಿ, ಮೊಹರು ಮಾಡಿ, ಸಹಿ ಹಾಕಿಸಿ ಇಡಿ. ಇನ್ನೊಂದು ಬಿರುಕನ್ನು ಮುಟ್ಟದೆ ಹಾಗೇ ಬಿಡಿ. ಮುಂದೆ ನ್ಯಾಯಾಲಯದ ಕಮಿಷನರ್ ಸ್ಥಳ ತನಿಖೆಗೆ ಬಂದರೆ ತೋರಿಸಲು ಅದು ಬೇಕು. ಎರಡು ಬೇರೆ ಬೇರೆ ಕಾಲದ ತೇಪೆಗಳು ಒಂದರ ಮೇಲೊಂದು ಸಿಕ್ಕರೆ, ‘ಅದು ಬಣ್ಣದ ಮುಂಚಿನ ಮಾಮೂಲಿ ಪುಟ್ಟಿ’ ಎಂಬ ಸಮರ್ಥನೆ ನಿಲ್ಲುವುದು ಕಷ್ಟ.

ಗೌಂಡಿಯ ವಿಚಾರ ನಾಜೂಕಿನದು. ಅವನು ಅದೇ ಓಣಿಯಲ್ಲಿ ದುಡಿದು ಉಣ್ಣುವವನು. ಮಾತಿನಲ್ಲಿ ಹೇಳಿದ್ದನ್ನು ಕಟಕಟೆಯಲ್ಲಿ ಹೇಳಲು ಹಿಂಜರಿದರೆ ಅಚ್ಚರಿಯಿಲ್ಲ. ಒತ್ತಾಯಿಸಬೇಡಿ, ಹಣದ ಮಾತಂತೂ ಬೇಡವೇ ಬೇಡ, ಅದು ಅವನ ಸಾಕ್ಷ್ಯವನ್ನೇ ಕೆಡಿಸುತ್ತದೆ. ಯಾವ ತಿಂಗಳು ಕೆಲಸ ಮಾಡಿದ, ಯಾವ ಅಂಗಡಿಯಿಂದ ಸಾಮಾನು ಬಂತು, ಹಣ ಫೋನ್ ಪೇಯಲ್ಲಿ ಬಂತೇ ಎಂದು ವಿಚಾರಿಸಿ. ಅಂಗಡಿಯ ಬಿಲ್ಲು, ಹಣ ಪಾವತಿಯ ದಾಖಲೆ ಯಾರಿಗೂ ಹೆದರುವುದಿಲ್ಲ. ಬಾರದ ಸಾಕ್ಷಿಯನ್ನು ಸಮನ್ಸ್ ಮೂಲಕ ಕರೆಸಲೂ ಅವಕಾಶವಿದೆ.

ವಾಟ್ಸಾಪ್ ಸಂದೇಶದ ಪ್ರಿಂಟ್ ಮಾತ್ರ ಸಾಲದು. ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಜೊತೆಗಿರಬೇಕು, ಅದನ್ನು ನಿಮ್ಮ ವಕೀಲರು ಸಿದ್ಧಪಡಿಸುತ್ತಾರೆ. ಇನ್ನು ಮುಂದೆ ಅವರೊಂದಿಗೆ ಬರೆಯುವಾಗ ಒಂದು ತಪ್ಪು ಮಾಡಬೇಡಿ. ‘ಆಗಲೇ ನಮಗೆ ಅನುಮಾನ ಬಂದಿತ್ತು, ನಿಮ್ಮ ಮೇಲಿನ ನಂಬಿಕೆಯಿಂದ ಸುಮ್ಮನಾದೆವು’ ಎಂಬಂಥ ಮಾತು ಸಿಟ್ಟಿನಲ್ಲಿ ಬಂದುಬಿಡುತ್ತದೆ. ಆ ಒಂದು ವಾಕ್ಯ, ದೋಷ ನಿಮಗೂ ಗೊತ್ತಿತ್ತು ಎಂದು ನೀವೇ ಕೊಟ್ಟ ಹೇಳಿಕೆಯಾಗುತ್ತದೆ.

ಮನೆ ವಾಪಸೋ, ಪರಿಹಾರವೋ?

ಖರೀದಿ ಪತ್ರ ರದ್ದು ಮಾಡಿಸಿ ಪೂರ್ತಿ ಹಣ ವಾಪಸ್ ಕೇಳುವುದು ಮನಸ್ಸಿಗೆ ಹಿಡಿಸುವ ದಾರಿ. ಅದರ ಭಾರ ಹೇಳಿಬಿಡುತ್ತೇನೆ. ಕೋರ್ಟ್ ಶುಲ್ಕ ಆಸ್ತಿಯ ಮೌಲ್ಯದ ಮೇಲೆ ಬೀಳುತ್ತದೆ. ನೀವು ಮನೆಯನ್ನು ಪಡೆದ ಸ್ಥಿತಿಯಲ್ಲಿ ಹಿಂದಿರುಗಿಸುವಂತಿರಬೇಕು. ಬ್ಯಾಂಕಿನ ಅಡಮಾನ ನಡುವೆ ಇದೆ, ಅದನ್ನೂ ಕಕ್ಷಿಯಾಗಿ ಸೇರಿಸಬೇಕಾಗುತ್ತದೆ, ದಾವೆ ನಡೆಯುವಷ್ಟು ಕಾಲವೂ ಕಂತು ನಿಲ್ಲುವುದಿಲ್ಲ. ದೋಷ ಗೊತ್ತಾದ ಮೇಲೂ ನೀವು ಮನೆಯನ್ನು ನಿಮ್ಮದೆಂದೇ ನಡೆಸಿಕೊಂಡರೆ, ಮೇಲಂತಸ್ತು ಕಟ್ಟಿದರೆ, ಬಾಡಿಗೆಗೆ ಕೊಟ್ಟರೆ, ‘ಗೊತ್ತಿದ್ದೂ ಒಪ್ಪಿಕೊಂಡರು’ ಎಂದು ನಿರ್ದಿಷ್ಟ ಪರಿಹಾರ ಕಾಯ್ದೆಯಡಿ ರದ್ದತಿಯನ್ನು ನಿರಾಕರಿಸಬಹುದು.

ಎರಡನೆಯದು, ಮನೆ ಇಟ್ಟುಕೊಂಡು ನಷ್ಟ ಪರಿಹಾರ ಕೇಳುವುದು. ಶುಲ್ಕ ನೀವು ಕೇಳುವ ಮೊತ್ತದ ಮೇಲೆ ಮಾತ್ರ. ದೋಷವಿರುವ ಮನೆಗೆ ಆ ದಿನ ಮಾರುಕಟ್ಟೆಯಲ್ಲಿ ಸಿಗುತ್ತಿದ್ದ ಬೆಲೆ ಮತ್ತು ನೀವು ಕೊಟ್ಟ ಬೆಲೆ, ಇವೆರಡರ ಅಂತರ ಒಂದು ಅಳತೆ. ಸರಿಪಡಿಸುವ ವೆಚ್ಚ ಇನ್ನೊಂದು. ಎರಡನ್ನೂ ಕೂಡಿಸಿ ಕೇಳಬೇಡಿ, ಒಂದೇ ನಷ್ಟಕ್ಕೆ ಎರಡು ಸಲ ಹಣ ಕೇಳಿದಂತೆ ಕಾಣುತ್ತದೆ. ದುರಸ್ತಿಯ ಸಮಯದ ಬಾಡಿಗೆ, ಎಂಜಿನಿಯರ್ ಶುಲ್ಕ, ಬಡ್ಡಿ ಸೇರಿಸಬಹುದು. ಮಾನಸಿಕ ಹಿಂಸೆಗೆಂದು ದೊಡ್ಡ ಮೊತ್ತ ಬರೆದು ದಾವೆಯ ಗಾಂಭೀರ್ಯ ಕಳೆಯಬೇಡಿ.

ಗುತ್ತಿಗೆದಾರರ 9 ಲಕ್ಷದ ಅಂದಾಜನ್ನೂ ಎಂಜಿನಿಯರ್‌ಗೆ ತೋರಿಸಿ. ತಳಪಾಯವನ್ನೇ ಕೆಳಗಿನಿಂದ ಬಲಪಡಿಸಬೇಕೇ, ಅಥವಾ ಗೋಡೆಯ ಬುಡಕ್ಕೆ ನೀರು ಇಳಿಯದಂತೆ ಸುತ್ತಲೂ ಒಂದರಿಂದ ಒಂದೂವರೆ ಮೀಟರ್ ಅಗಲದ ಇಳಿಜಾರಿನ ಕಾಂಕ್ರೀಟ್ ಪಟ್ಟಿ ಹಾಕಿ, ಸೋರುವ ಚರಂಡಿ ಪೈಪ್ ಬದಲಿಸಿ, ಬಿರುಕಿಗೆ ಅಡ್ಡಲಾಗಿ ಸ್ಟೀಲ್ ಸರಳು ಕೂರಿಸಿ ಹೊಲಿದರೆ ಸಾಕೇ ಎಂದು ಕೇಳಿ. ಎರಡಕ್ಕೂ ಖರ್ಚಿನಲ್ಲಿ ಬಹಳ ಅಂತರವಿದೆ. ಗೋಡೆಗೆ ಹತ್ತಿರ ದೊಡ್ಡ ಮರವಿದ್ದರೆ ಒಮ್ಮೆಗೇ ಕಡಿಸಬೇಡಿ, ಅದು ಹೀರುತ್ತಿದ್ದ ನೀರು ಮಣ್ಣಿನಲ್ಲೇ ಉಳಿದು ಉಬ್ಬುವುದು ಹೆಚ್ಚಾಗಬಹುದು.

ನನ್ನ ಅಭಿಪ್ರಾಯ: ಮನೆ ವಾಸಕ್ಕೆ ಅಪಾಯಕಾರಿ ಎಂದು ಎಂಜಿನಿಯರ್ ಹೇಳಿದರೆ ಮಾತ್ರ ರದ್ದತಿಯ ದಾರಿ ಹಿಡಿಯಿರಿ. ಇಲ್ಲದಿದ್ದರೆ ಪರಿಹಾರದ ದಾರಿಯೇ ಸರಿ. ಅದಕ್ಕೂ ಮುಂಚೆ, ನೀವಿಬ್ಬರೂ ಖರೀದಿದಾರರಾದ್ದರಿಂದ ಇಬ್ಬರ ಹೆಸರಿನಲ್ಲೂ, ಮಾರಿದವರೆಂದು ಸಹಿ ಹಾಕಿದ ಎಲ್ಲರಿಗೂ, ವರದಿಯ ಪ್ರತಿ ಲಗತ್ತಿಸಿ ವಕೀಲರಿಂದ ನೋಟೀಸು ಹೋಗಲಿ. ಹುಬ್ಬಳ್ಳಿ ಮತ್ತು ಪುಣೆ, ಎರಡೂ ವಿಳಾಸಕ್ಕೆ, ತಲುಪಿದ್ದು ದಾಖಲಾಗುವಂತೆ, ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಸ್ಥಳಕ್ಕೆ ತಮ್ಮ ಎಂಜಿನಿಯರ್‌ನೊಂದಿಗೆ ಬಂದು ನೋಡಲು 15 ದಿನ ಅವಕಾಶ ಕೊಡಿ. ಬಂದರೆ ಮಾತುಕತೆ ಶುರುವಾಗುತ್ತದೆ. ಬಾರದಿದ್ದರೆ, ಅವಕಾಶ ಕೊಟ್ಟೂ ಬರಲಿಲ್ಲ ಎಂಬುದು ದಾಖಲಾಗುತ್ತದೆ, ನಿಮಗೆ ದುರಸ್ತಿ ಶುರುಮಾಡಲೂ ದಾರಿಯಾಗುತ್ತದೆ.

ಮಾತುಕತೆಗೆ ಒಪ್ಪಿದರೆ ಅದನ್ನು ಬಿಳಿ ಹಾಳೆಯ ಮೇಲೆ ಬರೆದು ಮುಗಿಸಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ದಾವೆ ಹೂಡುವ ಮುಂಚೆಯೇ ಅರ್ಜಿ ಕೊಟ್ಟು ಲೋಕ ಅದಾಲತ್‌ನಲ್ಲಿ ರಾಜಿ ದಾಖಲಿಸಬಹುದು. ಆ ತೀರ್ಪಿಗೆ ಡಿಕ್ರಿಯ, ಅಂದರೆ ಜಾರಿ ಮಾಡಿಸಬಹುದಾದ ಕೋರ್ಟ್ ಆದೇಶದ, ಬಲವಿದೆ, ಅದರ ಮೇಲೆ ಅಪೀಲಿಲ್ಲ. ದಾವೆಗೆ ಹೋದರೆ ಎಷ್ಟೋ ವರ್ಷ, ಗೆದ್ದರೆ ಮೇಲ್ಮನವಿ. 9 ಲಕ್ಷದ ಬದಲು 6 ಲಕ್ಷ ಈಗಲೇ ಕೈಗೆ ಬರುವುದಾದರೆ ನಾನು ಆ ರಾಜಿಯ ಪರ.

ಪುಣೆಯ ಆತಂಕದ ಬಗ್ಗೆ. ಊರು ಬಿಟ್ಟ ಮಾತ್ರಕ್ಕೆ ಹೊಣೆ ಬಿಡುವುದಿಲ್ಲ. ದಾವೆಯನ್ನು ನೀವು ಹುಬ್ಬಳ್ಳಿಯಲ್ಲೇ ಹೂಡಬಹುದು, ಡಿಕ್ರಿಯನ್ನು ಪುಣೆಯ ನ್ಯಾಯಾಲಯಕ್ಕೆ ಕಳಿಸಿ ಜಾರಿ ಮಾಡಿಸಬಹುದು. ತೀರ್ಪಿಗೆ ಮುಂಚೆಯೇ ಆಸ್ತಿ ಜಪ್ತಿ ಕೋರಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 38ನೇ ಆದೇಶದಲ್ಲಿ ಅವಕಾಶವಿದೆ. ಆದರೆ ಮಗನ ಮನೆಗೆ ಹೋಗುತ್ತಾರೆ ಎಂಬುದು ಅದಕ್ಕೆ ಸಾಲದು. ಡಿಕ್ರಿಯನ್ನು ತಪ್ಪಿಸುವ ಉದ್ದೇಶದಿಂದಲೇ ಆಸ್ತಿ ಮಾರುತ್ತಿದ್ದಾರೆ ಅಥವಾ ಸಾಗಿಸುತ್ತಿದ್ದಾರೆ ಎಂದು ತೋರಿಸಬೇಕು. ಅವರ ಹೆಸರಿನಲ್ಲಿ ಇಲ್ಲಿ ಬೇರೆ ಆಸ್ತಿ ಇದೆಯೇ ಎಂದು ಈಗಲೇ ವಿಚಾರಿಸಿ, ಇದ್ದರೆ ಅದರ ಋಣಭಾರ ಪ್ರಮಾಣಪತ್ರ ತೆಗೆಸಿ ನೋಡಿ. ಗೆದ್ದ ಮೇಲೆ ವಸೂಲಿಗೆ ಏನೂ ಇಲ್ಲದಿದ್ದರೆ ಡಿಕ್ರಿ ಬರಿ ಕಾಗದ. ಮಾರಿದವರಿಗೆ ವಯಸ್ಸಾಗಿದ್ದರೆ ಇದನ್ನೂ ತಿಳಿದಿರಿ: ಅವರ ನಂತರ ವಾರಸುದಾರರು ಹೊಣೆಯಾಗುವುದು ಅವರಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ.

ಯಜಮಾನರಿಗೆ ಈ ಪತ್ರವನ್ನು ಓದಲು ಕೊಡಿ. ಬಿಟ್ಟುಬಿಡಬೇಕೆಂದು ಅವರಿಗೆ ಅನಿಸುವುದಕ್ಕೂ ಕಾರಣವಿದೆ, ಕೋರ್ಟಿನ ದಾರಿ ಸಂಸಾರವನ್ನು ಸವೆಸುತ್ತದೆ. ಆದರೆ ಆ ತೀರ್ಮಾನವನ್ನು ಎಂಜಿನಿಯರ್ ವರದಿ ಕೈಗೆ ಬಂದ ಮೇಲೆ ಮಾಡಿ. ಎರೆ ಮಣ್ಣು ಒಣಗಿದಂತೆ ಬಿರುಕಿನ ಅಗಲ ಬದಲಾಗುತ್ತದೆ, ಈ ಮಳೆಗಾಲದ ಅಳತೆಯನ್ನು ಬೇಸಿಗೆಯಲ್ಲಿ ತೆಗೆಯಲು ಬರುವುದಿಲ್ಲ. ಎಂಜಿನಿಯರ್‌ಗೆ ಈ ವಾರವೇ ಫೋನ್ ಮಾಡಿ.